ಅಮ್ಮನ ಸೋಮವಾರದ ತಲೆನೋವು

ಭಾಗ 1

ನಿಮ್ಮ ಫೀಡಲ್ಲೂ ಆ ರೀಲ್ ಬಂದಿರುತ್ತೆ. ಅಮೆರಿಕದ ಯಾವುದೋ ಮನೆ, ನೆಲದ ಕೆಳಗೆ ಇನ್ನೊಂದು ಮನೆಯಷ್ಟು ದೊಡ್ಡ ಬೇಸ್‌ಮೆಂಟ್. ಕಾರ್ಪೆಟ್ಟು, ಸೋಫಾ, ದೊಡ್ಡ ಟಿವಿ. ಗೋಡೆಯೊಳಗೆ ಗಾಜಿನ ಹಿಂದೆ ಬೆಂಕಿ ಉರೀತಿರುತ್ತೆ. ಸೌದೆ ಇಲ್ಲ, ಬೂದಿ ಇಲ್ಲ. ರಿಮೋಟ್ ಒತ್ತಿದ್ರೆ ಹತ್ತುತ್ತೆ, ಮತ್ತೆ ಒತ್ತಿದ್ರೆ ಆರುತ್ತೆ. ಗ್ಯಾಸ್ ಫೈರ್‌ಪ್ಲೇಸ್. ಹಿಂದೆ ಒಂದು ಇಂಗ್ಲಿಷ್ ಹಾಡು, ಕೈಯಲ್ಲಿ ಕಾಫಿ ಮಗ್ಗು.

ಇದಕ್ಕೂ ಹೊನ್ನಾಳಿಗೂ ಏನು ಸಂಬಂಧ ಅಂತೀರಾ? ನಮ್ಮ ಕಡೆ ಬೇಸ್‌ಮೆಂಟ್ ಅಂದ್ರೆ ಪಾಯ. "ಅವರ ಮನೆ ಬೇಸ್‌ಮೆಂಟ್ ಆಗೈತಿ" ಅಂದ್ರೆ ಪಾಯ ಮುಗೀತು, ಇನ್ನು ಗೋಡೆ ಏಳಬೇಕು ಅಂತ. ಅದರೊಳಗೆ ಸೋಫಾ ಹಾಕೋಕಾಗಲ್ಲ, ಮಣ್ಣು ತುಂಬಿರ್ತಾರೆ. ಫೈರ್‌ಪ್ಲೇಸ್ ಅಂತೂ ನಮ್ಮ ಬಿಸಿಲಿಗೆ ಯಾರಿಗೂ ಬೇಡ.

ಆದರೆ ಕೆಲಸ ಪೂರ್ತಿ ಮುಗಿದಿರೋ ಒಂದು ರೂಮಿಗೆ, ಟೈಲ್ಸ್ ಕೂತು ಬಾಗಿಲು ಬಿಗಿಯಾದ ಮೇಲೆ, ಹೊಸದಾಗಿ ಗ್ಯಾಸ್ ಬೆಂಕಿ ತಂದು ಸಿಗಿಸೋ ಕೆಲಸ ಇದೆಯಲ್ಲ, ಅದು ನಮ್ಮೂರಲ್ಲೂ ನಡೀತಾನೇ ಇದೆ. ನಿಮ್ಮ ಮನೇಲೂ ಇರಬಹುದು. ಒಂದ್ಸಲ ಎದ್ದು ಹೋಗಿ ನಿಮ್ಮ ಬಚ್ಚಲುಮನೆ ಗೋಡೆ ನೋಡ್ಕೊಂಡು ಬನ್ನಿ. ಎರಡು ಟಾರ್ಚ್ ಸೆಲ್ ಹಾಕಿ, ನಲ್ಲಿ ತಿರುಗಿಸಿದ ಕೂಡಲೇ ಟಿಕ್ ಟಿಕ್ ಟಿಕ್ ಅಂತ ಹತ್ಕೊಳ್ಳೋ ಡಬ್ಬಿ. ಗ್ಯಾಸ್ ಗೀಸರ್. ನಾನು ಹೇಳೋಕೆ ಹೊರಟಿರೋದು ಅದರ ಕತೆ.

ಭಾಗ 2

ಮೊದಲು ನಮ್ಮ ಹಳೇ ಬಚ್ಚಲು ಹೆಂಗಿತ್ತು ಅಂತ ಹೇಳ್ಬೇಕು, ಇಲ್ಲಾಂದ್ರೆ ಮುಂದಿಂದು ಅರ್ಥ ಆಗಲ್ಲ.

ಹಿತ್ತಲ ಕಡೆ, ಮನೆಗೆ ಅಂಟ್ಕೊಂಡು, ಹೆಂಚಿನ ಇಳಿಜಾರು ಮಾಡಿನ ಒಂದು ಕೋಣೆ. ಮೂಲೆಯಲ್ಲಿ ಒಲೆ, ಒಲೆ ಮೇಲೆ ತಾಮ್ರದ ಹಂಡೆ. ಒಲೆಯ ಬಾಯಿ ಮಾತ್ರ ಗೋಡೆಯಾಚೆ ಹಿತ್ತಲಿಗೆ. ಉರಿ ಹಾಕೋರು ಹೊರಗೆ ಕೂತು ಹಾಕಬೇಕು, ಮೀಯೋರು ಒಳಗೆ. ನಾನು ಎರಡನೇ ಕ್ಲಾಸಿಗೆ ಹೋಗೋವಾಗಿಂದ ಬೆಳಗ್ಗೆ ಉರಿ ಹಾಕೋ ಡ್ಯೂಟಿ ನಂದೇ. ಮೆಕ್ಕೆಜೋಳದ ದಿಂಡು, ತೆಂಗಿನ ಮಟ್ಟೆ, ಅಡಿಕೆ ಸಿಪ್ಪೆ, ಒಣಗಿದ ಗರಿ, ಏನಿದ್ರೆ ಅದು. ಮೆಕ್ಕೆಜೋಳದ ದಿಂಡು ಬೇಗ ಹತ್ತುತ್ತೆ, ಬೇಗ ಮುಗಿಯುತ್ತೆ. ಅಡಿಕೆ ಸಿಪ್ಪೆ ಸ್ವಲ್ಪ ಹಸಿ ಇದ್ರೂ ಕಣ್ಣು ಉರ್ಸಿ ಅಳಿಸುತ್ತೆ.

ಬಾಗಿಲು ಅಂದ್ರೆ ತಗಡಿನ ಬಾಗಿಲು, ಕೆಳಗೆ ನಾಲ್ಕು ಬೆರಳು ಸಂದು. ಮೇಲೆ ಹೆಂಚಿನ ಸಂದಿಯಲ್ಲಿ ಬೆಳಕಿನ ಕೋಲು ಇಳೀತಿತ್ತು. ಚಳಿಗಾಲದಲ್ಲಿ ಒಂದು ಚೊಂಬು ಹಾಕ್ಕೊಂಡು ಇನ್ನೊಂದು ಚೊಂಬು ತುಂಬೋದ್ರೊಳಗೆ ಮೈ ನಡುಗೋದು. ಎಲ್ಲರೂ ಬೈಯ್ಕೊಂಡೇ ಸ್ನಾನ ಮಾಡ್ತಿದ್ವಿ.

ದೀಪಾವಳಿಯ ನೀರು ತುಂಬೋ ಹಬ್ಬದ ದಿನ ಮಾತ್ರ ಆ ಬಚ್ಚಲಿಗೆ ರಾಜಮರ್ಯಾದೆ. ಅಜ್ಜಿ ಹಂಡೆಯನ್ನ ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣದಲ್ಲಿ ಗೆರೆ ಬರೆದು, ಕುತ್ತಿಗೆಗೆ ಹಿಂಡ್ಲಿ ಬಳ್ಳಿ ಕಟ್ಟಿ, ನೀರು ತುಂಬಿ ಪೂಜೆ ಮಾಡೋರು. ಮರುದಿನ ನಸುಕಿಗೇ ಎಣ್ಣೆ ಸ್ನಾನ. ನಾನು ಆ ಬಚ್ಚಲನ್ನ ಮಿಸ್ ಮಾಡ್ಕೊಳ್ತೀನಾ? ಇಲ್ಲ ರೀ. ಹೊಗೆ ಕುಡಿದು ಕುಡಿದು ಅಜ್ಜಿಗೆ ಕೆಮ್ಮು ಅಂಟಿದ್ದೇ ಅಲ್ಲಿ. ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಅನ್ನೋ ಕೇಂದ್ರದವರು ಹೊಗೆ ಕೊಳವೆ ಇರೋ ಅಸ್ತ್ರ ಒಲೆ ಮಾಡಿದ್ರು. ಆ ಒಲೆ ನಮ್ಮನೆವರೆಗೂ ಬರ್ಲಿಲ್ಲ ಅಷ್ಟೆ.

ಭಾಗ 3

ಹೋದ ವರ್ಷ ಅಪ್ಪ ಬಚ್ಚಲು ರಿಪೇರಿ ಮಾಡಿಸಿದ್ರು. ಹೆಂಚು ಹೋಯ್ತು, ಆರ್‌ಸಿಸಿ ಬಂತು. ಗೋಡೆಗೆ ನೆಲದಿಂದ ಸೂರಿನ ತನಕ ಟೈಲ್ಸ್, ಮೇಲೆ ಬಿಳೀ ಪಿವಿಸಿ ಸೀಲಿಂಗ್, ಸುತ್ತ ರಬ್ಬರ್ ಪಟ್ಟಿ ಇರೋ ಬಾಗಿಲು. ವೆಂಟಿಲೇಟರಿಗೆ ಸರಿಯೋ ಗಾಜು. ಆ ಗಾಜನ್ನ ಸೊಳ್ಳೆ ಬರುತ್ತೆ, ಹಲ್ಲಿ ಬರುತ್ತೆ ಅಂತ ಯಾರೂ ತೆಗೀತಿರ್ಲಿಲ್ಲ. ನೋಡಿದವರೆಲ್ಲ "ಹೋಟೆಲ್ ರೂಮ್ ಆದಂಗಾತಲ್ಲೋ" ಅಂದ್ರು. ಅಪ್ಪನ ಮುಖ ನೋಡ್ಬೇಕಿತ್ತು.

ಈಗ ಬಿಸಿನೀರಿಗೆ ಏನು ಅನ್ನೋ ಪ್ರಶ್ನೆ. ಕರೆಂಟ್ ಗೀಸರ್ ಹಾಕ್ಸೋಣ ಅಂದೆ. ಅಪ್ಪ ಒಪ್ಪಲಿಲ್ಲ. ಕಾರಣ ಗೃಹಜ್ಯೋತಿ. 200 ಯೂನಿಟ್ ಫ್ರೀ ಅಂತ ಎಲ್ಲರೂ ಅಂದ್ಕೊಂಡಿರ್ತಾರೆ, ಆದ್ರೆ ಅದು ಎಲ್ಲರಿಗೂ ಪೂರ್ತಿ 200 ಅಲ್ಲ. ಅವರವರ ಮನೆಯ ಹಳೇ ಸರಾಸರಿ ಬಳಕೆ ನೋಡಿ, ಅದರ ಮೇಲೆ ಸ್ವಲ್ಪ ಸೇರಿಸಿ ಕೊಡ್ತಾರೆ. ಹಂಡೆ ಕಾಲದಲ್ಲಿ ನಮ್ಮ ಬಳಕೆ ಎಷ್ಟು ಕಮ್ಮಿ ಇತ್ತೋ ಅದೇ ಈಗ ನಮ್ಮ ಮಿತಿ. ಐದು ಜನರ ಮನೆಗೆ ಕರೆಂಟ್ ಗೀಸರ್ ಬಂದ್ರೆ ಆ ಮಿತಿ ದಾಟೋದು ಗ್ಯಾರಂಟಿ. ಕಾಸ್ಟಿಂಗ್ ಓದೋ ಹುಡುಗಿಯಾಗಿ ನಾನು ಅಪ್ಪನ ಲೆಕ್ಕದಲ್ಲಿ ತಪ್ಪು ಹುಡುಕೋಕೆ ಹೋದೆ, ಸಿಗಲಿಲ್ಲ.

ಹಂಗಾಗಿ ಗ್ಯಾಸ್. ಅಂಗಡಿಯವರು ಕಳಿಸಿದ ಹುಡುಗ ಬಂದ, ಟೈಲ್ಸಿಗೆ ಎರಡು ತೂತು ಕೊರೆದ, ಬಚ್ಚಲ ಒಳಗೇ ಗೋಡೆಗೆ ನೇತು ಹಾಕಿದ, ಅರ್ಧ ಗಂಟೇಲಿ ಹೋದ. "ಗಾಳಿಗೆ ಏನಾದ್ರೂ ಮಾಡ್ಬೇಕಾ?" ಅಂದಿದ್ದಕ್ಕೆ "ಕಿಟಕಿ ಐತಲ್ಲಕ್ಕ" ಅಂದ. ಕಿಟಕಿ ಇತ್ತು. ಮುಚ್ಚಿತ್ತು.

ಭಾಗ 4

ನಮ್ಮನೇಲಿ ಸೋಮವಾರ ಎಲ್ಲರಿಗೂ ತಲೆಸ್ನಾನ. ಅಜ್ಜಿ ಐದು ಗಂಟೆಗೇ ಮುಗಿಸಿರ್ತಾರೆ. ಆಮೇಲೆ ತಮ್ಮ, ನಾನು, ಅಪ್ಪ, ಒಬ್ಬರ ಹಿಂದೆ ಒಬ್ಬರು. ಕೊನೆಗೆ ಅಮ್ಮ. ತಿಂಡಿ ಮಾಡಿ, ಡಬ್ಬಿ ಕಟ್ಟಿ, ಎಲ್ಲರನ್ನೂ ಕಳಿಸಿ ಆದ್ಮೇಲೆ. ನಿಮ್ಮನೇಲೂ ಇದೇ ಕ್ರಮ ಇರುತ್ತೆ, ಬೇಕಾದ್ರೆ ನೋಡಿ. ಅಮ್ಮ ಹೋದ್ರೆ ಬರೀ ಸ್ನಾನ ಅಲ್ಲ, ಬಟ್ಟೆ ನೆನೆಸೋ ಬಕೆಟ್ಟಿಗೂ ಬಿಸಿನೀರು ಬಿಟ್ಕೊಳ್ತಾರೆ. ಗೀಸರ್ ಉರೀತಾನೇ ಇರುತ್ತೆ.

ಗೀಸರ್ ಬಂದ ಮೇಲೆ ಅಮ್ಮನಿಗೆ ಸೋಮವಾರ ಸೋಮವಾರ ತಲೆನೋವು ಶುರುವಾಯ್ತು. ಹಣೆ ಬಿಗಿದಂಗೆ, ಹೊಟ್ಟೆ ತೊಳಸಿದಂಗೆ. ಮಧ್ಯಾಹ್ನ ಮೂರರ ಹೊತ್ತಿಗೆ ತಾನಾಗೇ ಹೋಗೋದು. ಕೂದಲು ಒಣಗ್ಸಿಲ್ಲ ಅದಕ್ಕೆ ಅಂದ್ರು ಅಜ್ಜಿ. ಉಪವಾಸ ಅದಕ್ಕೆ ಅಂದ್ರು ಅಪ್ಪ. ಒಂದು ಸೋಮವಾರ ಬಚ್ಚಲಿಂದ ಹೊರಗೆ ಬಂದವರು ಹೊಸ್ತಿಲ ಮೇಲೇ ಕೂತುಬಿಟ್ರು. ಕಣ್ಣು ಕತ್ಲೆ ಬಂತಂತೆ. ಪಕ್ಕದ ಮನೆ ದೊಡ್ಡಮ್ಮ ಗಾಳಿ ಸೋಕಿರ್ಬೇಕು, ದೃಷ್ಟಿ ತೆಗೀರಿ ಅಂದ್ರು. ಕೊರೋನಾ ಟೈಮಲ್ಲಿ ತಂದಿದ್ದ ಆಕ್ಸಿಮೀಟರ್ ಬೆರಳಿಗೆ ಹಾಕಿದೆ. 98. ಸರಿ, ಆಕ್ಸಿಜನ್ ಚೆನ್ನಾಗೇ ಇದೆ ಅಂತ ಎಲ್ಲರೂ ಸಮಾಧಾನ ಆದ್ರು.

ನನಗೆ ಅನುಮಾನ ಬಂದಿದ್ದು ಸೀಲಿಂಗ್ ನೋಡಿ. ಗೀಸರಿನ ನೆತ್ತಿಯ ಮೇಲೆ ಸರಿಯಾಗಿ, ಬಿಳೀ ಪಿವಿಸಿ ಮೇಲೆ ಒಂದು ಕಪ್ಪು ಮಚ್ಚೆ. ತಮ್ಮ ಜೇಡರ ಬಲೆ ಅಂದ. ಬೆರಳಲ್ಲಿ ಒರೆಸಿದೆ, ಮಸಿ. ಅಪ್ಪ ಸ್ನಾನ ಮಾಡಿ ಬಂದ ಕೂಡಲೇ ನಾನು ಬಾಗಿಲಲ್ಲಿ ನಿಂತ್ಕೊಂಡೇ ನಲ್ಲಿ ತಿರುಗ್ಸಿ ನೋಡಿದೆ. ಒಳಗಿನ ಉರಿ ಬೆಳಗ್ಗೆ ನೀಲಿ ಇದ್ದದ್ದು ಈಗ ಹಳದಿ ತುದಿ ಹಾಕ್ಕೊಂಡು ಓಲಾಡ್ತಿತ್ತು. ಹಂಡೆ ಒಲೆಗೆ ಹತ್ತು ವರ್ಷ ಉರಿ ಹಾಕಿದವಳಿಗೆ ಇಷ್ಟು ಗೊತ್ತಾಗುತ್ತೆ: ಉರಿ ಮಸಿ ಕಾರುತ್ತೆ ಅಂದ್ರೆ ಅದಕ್ಕೆ ಗಾಳಿ ಸಾಲ್ತಿಲ್ಲ.

ಭಾಗ 5 (ಇದು ಲೆಕ್ಕದ ಪೋಸ್ಟ್, ಓಡಿ ಹೋಗ್ಬೇಡಿ)

ನಮ್ಮ ಬಚ್ಚಲು 4 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರ. ಅಂದ್ರೆ 192 ಘನ ಅಡಿ. ಲೀಟರ್ ಲೆಕ್ಕದಲ್ಲಿ ಸುಮಾರು 5,400 ಲೀಟರ್ ಗಾಳಿ. ಇದು ನಮ್ಮ ಆರಂಭಿಕ ಶಿಲ್ಕು.

ಈಗ ಖರ್ಚು. ಒಂದು ಕೆಜಿ ಎಲ್‌ಪಿಜಿ ಪೂರ್ತಿ ಉರೀಬೇಕಾದ್ರೆ ಹೆಚ್ಚುಕಮ್ಮಿ 12,000 ಲೀಟರ್ ಗಾಳಿ ಬೇಕು. ನಿಮಿಷಕ್ಕೆ ಆರು ಲೀಟರ್ ಬಿಸಿನೀರು ಕೊಡೋ ಗೀಸರ್ ಪೂರ್ತಿ ಉರಿಯಲ್ಲಿ ಗಂಟೆಗೆ ಮುಕ್ಕಾಲು ಕೆಜಿಗಿಂತ ಸ್ವಲ್ಪ ಜಾಸ್ತಿ ಗ್ಯಾಸ್ ತಿನ್ನುತ್ತೆ. ಹತ್ತು ನಿಮಿಷದ ಸ್ನಾನಕ್ಕೆ 140 ಗ್ರಾಂ ಇಟ್ಕೊಳ್ಳಿ. ಅಂದ್ರೆ ಒಂದು ಸ್ನಾನಕ್ಕೆ ಸುಮಾರು 1,700 ಲೀಟರ್ ಗಾಳಿ. ಮೂರು ಸ್ನಾನಕ್ಕೆ 5,100.

ತಮ್ಮ, ನಾನು, ಅಪ್ಪ. ಶಿಲ್ಕು ಖಾಲಿ. ನಾಲ್ಕನೆಯವರು ಅಮ್ಮ.

ಬಾಗಿಲು ತೆಗೆದು ಮುಚ್ಚೋವಾಗ ಒಂದಿಷ್ಟು ಹೊಸ ಗಾಳಿ ಬಂದೇ ಬರುತ್ತೆ, ಅದಕ್ಕೇ ಅಮ್ಮ ಇವತ್ತು ನನ್ನ ಎದುರಿಗೆ ಕೂತು ಸೊಪ್ಪು ಬಿಡಿಸ್ತಿದ್ದಾರೆ. ಆದ್ರೆ ಪೂರ್ತಿ ಗಾಳಿ ಮುಗಿಯೋವರೆಗೂ ಕಾಯೋ ಅಗತ್ಯ ಈ ಬೆಂಕಿಗಿಲ್ಲ. ಆಕ್ಸಿಜನ್ ಸ್ವಲ್ಪ ಕಮ್ಮಿಯಾದ್ರೂ ಸಾಕು, ಗ್ಯಾಸ್ ಅರೆಬರೆ ಉರಿಯೋಕೆ ಶುರು ಮಾಡುತ್ತೆ. ಅರೆಬರೆ ಉರಿದಾಗ ಹುಟ್ಟೋದು ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ಹಂಡೆ ಒಲೆ ಕೆಟ್ಟದು ಮಾಡೋವಾಗ ಕಣ್ಣಿಗೆ ಖಾರ ಎರಚಿ ಹೇಳಿ ಮಾಡ್ತಿತ್ತು. ಇದು ಹೇಳಲ್ಲ.

ಸಿಲಿಂಡರ್ ಸೋರಿದ್ರೆ ವಾಸನೆ ಬರುತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಅಡುಗೆ ಗ್ಯಾಸಿಗೂ ಸ್ವಂತ ವಾಸನೆ ಇಲ್ಲ, ಗೊತ್ತಾಗ್ಲಿ ಅಂತ ಮರ್ಕ್ಯಾಪ್ಟನ್ ಅನ್ನೋ ಗಬ್ಬು ವಾಸನೆಯ ವಸ್ತು ಬೆರೆಸಿರ್ತಾರೆ. ಉರಿದ ಮೇಲೆ ಅದೂ ಉರಿದು ಹೋಗುತ್ತೆ. ಅಂದ್ರೆ ಗೀಸರ್ ಚೆನ್ನಾಗಿ ಹತ್ತಿದೆ, ಸೋರಿಕೆ ವಾಸನೆ ಇಲ್ಲ ಅಂದ ಮಾತ್ರಕ್ಕೆ ಒಳಗಿನ ಗಾಳಿ ಚೆನ್ನಾಗಿದೆ ಅಂತ ಅರ್ಥ ಅಲ್ಲ.

ಈ ಮೊನಾಕ್ಸೈಡ್ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ರಕ್ತದ ಹಿಮೋಗ್ಲೋಬಿನ್‌ಗೆ ಅಂಟ್ಕೊಳ್ಳುತ್ತೆ. ಬಸ್ಸಲ್ಲಿ ಟವೆಲ್ ಹಾಕಿ ಸೀಟ್ ಹಿಡಿದಂಗೆ. ಆಕ್ಸಿಜನ್ ಹತ್ತಿದ್ರೂ ಕೂರೋಕೆ ಜಾಗ ಇಲ್ಲ. ಒಳ್ಳೇ ಗಾಳಿಗೆ ಬಂದ ಮೇಲೂ ಅದರಲ್ಲಿ ಅರ್ಧ ಇಳಿಯೋಕೆ ನಾಲ್ಕೈದು ಗಂಟೆ ಬೇಕು. ಹತ್ತು ಗಂಟೆಗೆ ಸ್ನಾನ, ಮೂರು ಗಂಟೆಗೆ ತಲೆನೋವು ಮಾಯ. ಈ ಸಾಲು ಓದಿದಾಗ ನನ್ನ ಕೈ ತಣ್ಣಗಾಯ್ತು.

ಆಮೇಲೆ ಆ 98. ಬೆರಳಿಗೆ ಹಾಕೋ ಸಾಮಾನ್ಯ ಆಕ್ಸಿಮೀಟರ್ ರಕ್ತದ ಕೆಂಪು ನೋಡಿ ನಂಬರ್ ಕೊಡುತ್ತೆ. ಮೊನಾಕ್ಸೈಡ್ ಅಂಟಿದ ರಕ್ತವೂ ಅದಕ್ಕೆ ಒಳ್ಳೇ ಕೆಂಪಾಗೇ ಕಾಣುತ್ತೆ. ಹಂಗಾಗಿ ಮನುಷ್ಯ ಬೀಳೋ ಹಂತದಲ್ಲಿದ್ರೂ ಅದು ಎಲ್ಲಾ ಸರಿ ಇದೆ ಅನ್ನುತ್ತೆ. ಇದೊಂದನ್ನ ನೆನಪಿಟ್ಕೊಳ್ಳಿ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರೀತಿರೋವಾಗ ಯಾರಾದ್ರೂ ತಲೆ ಸುತ್ತಿ ಬಿದ್ರೆ ಆಕ್ಸಿಮೀಟರ್ ನೋಡ್ಕೊಂಡು ಕೂರ್ಬೇಡಿ. ಗ್ಯಾಸ್ ಬಂದ್ ಮಾಡಿ, ಬಾಗಿಲು ತೆಗೆದು ಹೊರಗೆ ಎಳ್ಕೊಂಡು ಬನ್ನಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ, ಗ್ಯಾಸ್ ಗೀಸರ್ ಇತ್ತು ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ನಮ್ಮ ರಾಜ್ಯದಲ್ಲಿ ಬಿಸಿನೀರು ತಲೆಗೆ ಹುಯ್ಕೊಂಡಾಗ ಮೂರ್ಛೆ ಬರೋ ಕಾಯಿಲೆಯೂ ಇದೆ, ನಿಮ್ಹಾನ್ಸ್‌ನವರು ಅದರ ಮೇಲೆ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಬಚ್ಚಲಲ್ಲಿ ಬಿದ್ದಿದ್ದನ್ನೆಲ್ಲ ಮೂರ್ಛೆ ಲೆಕ್ಕಕ್ಕೆ ಬರೆಯೋದು ಸುಲಭ. ನೀವು ಹೇಳದಿದ್ರೆ ಅವರಿಗೂ ಗೊತ್ತಾಗಲ್ಲ.

ಭಾಗ 6

ಮತ್ತೆ ಆ ರೀಲಿನ ಬೇಸ್‌ಮೆಂಟಿಗೆ ಹೋಗೋಣ. ನೆಲದ ಕೆಳಗಿನ ರೂಮು, ಕಿಟಕಿ ಇದ್ರೂ ಚಿಕ್ಕದು. ಅಲ್ಲಿ ಬೆಂಕಿ ಉರಿಸಿ ಅವರು ಹೆಂಗೆ ಬದುಕಿದ್ದಾರೆ?

ರೀಲಲ್ಲಿ ಕಾಣದ ಭಾಗ ಗೋಡೆ ಹಿಂದೆ ಇದೆ. ಅಲ್ಲಿ ಹೆಚ್ಚಾಗಿ ಹಾಕೋದು ಡೈರೆಕ್ಟ್ ವೆಂಟ್ ಅನ್ನೋ ನಮೂನೆ. ಪೈಪೊಳಗೆ ಪೈಪು. ಹೊರಗಿನ ಪದರದಲ್ಲಿ ಆಚೆಯ ಗಾಳಿ ಬೆಂಕಿಗೆ ಬರುತ್ತೆ, ಒಳಗಿನ ಪದರದಲ್ಲಿ ಉರಿದ ಗಾಳಿ ಆಚೆ ಹೋಗುತ್ತೆ. ಮುಂದಿನ ಗಾಜು ಭದ್ರವಾಗಿ ಮುಚ್ಚಿರುತ್ತೆ. ರೂಮಿನ ಗಾಳಿಯನ್ನ ಬೆಂಕಿ ಮುಟ್ಟೋದೇ ಇಲ್ಲ, ರೂಮಿಗೆ ಬರೋದು ಶಾಖ ಮಾತ್ರ. ನಮ್ಮ ಹಳೇ ಬಚ್ಚಲ ಒಲೆ ಬಾಯಿ ಹಿತ್ತಲಿಗಿತ್ತು ಅಂದ್ನಲ್ಲ, ಹತ್ತಿರ ಹತ್ತಿರ ಅದೇ ಬುದ್ಧಿ. ಪೈಪ್ ಇಲ್ಲದ ಫೈರ್‌ಪ್ಲೇಸ್‌ಗಳೂ ಅಲ್ಲಿ ಸಿಗ್ತವೆ, ಆಕ್ಸಿಜನ್ ಇಳಿದ್ರೆ ತಾನೇ ಆರೋ ಸೆನ್ಸರ್ ಜೊತೆಗೆ. ಆದ್ರೂ ಕ್ಯಾಲಿಫೋರ್ನಿಯಾದಲ್ಲಿ ಮನೆಯೊಳಗೆ ಅದಕ್ಕೆ ಅನುಮತಿ ಇಲ್ಲ.

ಅಲ್ಲಿನವರು ಬೇಸ್‌ಮೆಂಟ್ ವಿಷಯದಲ್ಲಿ ಇನ್ನೊಂದಕ್ಕೆ ಹೆದರ್ತಾರೆ. ಪ್ರೋಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಎರಡು ಪಟ್ಟು. ನಮ್ಮ ಸಿಲಿಂಡರಲ್ಲಿರೋದು ಇವೆರಡರ ಮಿಶ್ರಣವೇ. ಸೋರಿದ್ರೆ ನೀರಿನ ಥರ ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತೆ. ನಮ್ಮ ಬಚ್ಚಲೂ ನಡುಮನೆಗಿಂತ ಒಂದು ಮೆಟ್ಟಿಲು ಕೆಳಗೇ ಇರೋದು. ಅದಕ್ಕೇ ಮೇಲೆ ಒಂದು ವೆಂಟಿಲೇಟರ್ ಇದ್ರೆ ಸಾಲದು, ಕೆಳಗೂ ಕಿಂಡಿ ಬೇಕು.

ಇದು ಬರೀ ನಮ್ಮಂಥ ಚಿಕ್ಕ ಊರಿನ ಸಮಸ್ಯೆ ಅಂತಲೂ ಅಲ್ಲ. ಫ್ರಾನ್ಸಿನ ದೊಡ್ಡ ಕಾದಂಬರಿಕಾರ ಎಮಿಲ್ ಝೋಲಾ 1902ರಲ್ಲಿ ಪ್ಯಾರಿಸ್ಸಿನ ತನ್ನ ಮನೆಯ ಮಲಗೋ ಕೋಣೆಯಲ್ಲೇ ಸತ್ತ. ಅಗ್ಗಿಷ್ಟಿಕೆಯ ಹೊಗೆ ಕೊಳವೆ ಕಟ್ಟಿತ್ತು. ಕಾರಣ ಇದೇ ಮೊನಾಕ್ಸೈಡ್.

ಭಾಗ 7

ಅಪ್ಪನಿಗೆ ಹೇಳೋದು ಲೆಕ್ಕ ಮಾಡಿದಷ್ಟು ಸುಲಭ ಇರ್ಲಿಲ್ಲ. ಟೈಲ್ಸ್ ಒಡೀಬೇಕು ಅಂದ ಕೂಡಲೇ ಮುಖ ಬಿಗಿದ್ರು. "ಊರಾಗೆಲ್ಲ ಒಳಗೇ ಹಾಕ್ಯಾರೆ, ಎಲ್ಲಾರೂ ಸತ್ತಾರೇನು? ಎಕ್ಸಾಸ್ಟ್ ಫ್ಯಾನ್ ಹಾಕ್ಸಿದ್ರಾತು ಬಿಡವ್ವ." ಫ್ಯಾನ್ ಗಾಳಿ ಹೊರಗೆ ತಳ್ಳುತ್ತೆ ನಿಜ. ಆದ್ರೆ ಒಳಗೆ ಬರೋಕೆ ದಾರಿ ಇಲ್ಲದಿದ್ರೆ ಏನನ್ನ ತಳ್ಳುತ್ತೆ? ರಬ್ಬರ್ ಪಟ್ಟಿ ಬಾಗಿಲು ಹಾಕ್ಕೊಂಡು ಫ್ಯಾನ್ ಬಿಟ್ರೆ ಅದು ಸುಮ್ನೆ ತಿರುಗ್ತಾ ಕೂರುತ್ತೆ. ಕರೆಂಟ್ ಹೋದ್ರೆ ಅದೂ ಇಲ್ಲ, ಗೀಸರ್ ಮಾತ್ರ ಸೆಲ್ ಮೇಲೆ ಉರೀತಿರುತ್ತೆ.

ನಾನು ಗೀಸರ್ ಡಬ್ಬಿಯಲ್ಲಿದ್ದ ಪುಸ್ತಕ ಹುಡುಕಿ ತಂದೆ, ಪ್ಲಾಸ್ಟಿಕ್ ಕವರ್ ಕೂಡ ಯಾರೂ ಹರಿದಿರ್ಲಿಲ್ಲ. ಬಚ್ಚಲೊಳಗೆ ಹಾಕಬೇಡಿ, ಗಾಳಿಯಾಡೋ ಜಾಗದಲ್ಲಿ ಹೊರಗೆ ಹಾಕಿ ಅಂತ ಅದರಲ್ಲೇ ಬರೆದಿತ್ತು. ಇಂಗ್ಲಿಷಲ್ಲಿ, ಹಿಂದಿಯಲ್ಲಿ. ಕನ್ನಡದಲ್ಲಿ ಇಲ್ಲ. ಅಪ್ಪನಿಗೆ ಓದಿ ಹೇಳಿದೆ. ಮಾತಾಡ್ಲಿಲ್ಲ.

ಕೊನೆಗೆ ಮಾತಾಡಿದ್ದು ಅಜ್ಜಿ, ತೂಗುಮಂಚದ ಮೇಲೆ ಕೂತ್ಕೊಂಡೇ. "ಒಲಿ ಬಾಯಿ ಹೊರಗ ಇಟ್ಟಿದ್ದು ನಿಮ್ಮಪ್ಪ. ಹೊಗಿ ಹೊರಗ ಹೋಗ್ಲಿ ಅಂತ ಇಟ್ಟಿದ್ದ. ನೀನು ಬೆಂಕಿನ ಒಳಗ ತಂದಿಟ್ಟು ಬಾಗ್ಲ ಹಾಕ್ಕೆಂಡಿದಿಯಲ್ಲೋ. ಅಕಿ ಒಬ್ಬಾಕಿನ ಅದೀಳ ಈ ಮನ್ಯಾಗ ಎಲ್ಲಾರಿಗೂ ಬೇಯ್ಸಿ ಹಾಕಾಕ."

ಆಮೇಲಿನ ಭಾನುವಾರ ಕೆಲಸದವರು ಬಂದ್ರು. ಗೀಸರ್ ಬಚ್ಚಲಿಂದ ಹಿತ್ತಲ ಗೋಡೆಗೆ ಹೋಯ್ತು, ಹೆಚ್ಚುಕಮ್ಮಿ ಹಳೇ ಒಲೆ ಬಾಯಿ ಇದ್ದ ಜಾಗಕ್ಕೇ. ಮಳೆ ಬೀಳದಂಗೆ ಮೇಲೊಂದು ತಗಡು. ಗೋಡೆಯಲ್ಲಿ ಪೈಪಿಗೆ ಒಂದು ತೂತು. ಬಾಗಿಲ ಕೆಳಗಿನ ರಬ್ಬರ್ ಕಿತ್ತು ಎರಡು ಬೆರಳು ಸಂದು ಮಾಡಿಸಿದ್ವಿ, ವೆಂಟಿಲೇಟರಿನ ಒಂದು ಗಾಜು ತೆಗೆಸಿಬಿಟ್ವಿ. ಒಡೆದ ಟೈಲ್ಸ್ ಮೂರೇ. ಅದರಲ್ಲಿ ಒಂದಕ್ಕೆ ಅದೇ ಡಿಸೈನ್ ಸಿಗ್ಲಿಲ್ಲ, ಸಾದಾ ಬಿಳೀದು ಕೂತಿದೆ (ಕೊನೇ ಫೋಟೋ ನೋಡಿ). ಪೈಪು, ತಗಡು, ಕೂಲಿ ಎಲ್ಲಾ ಸೇರಿ 2,350 ರೂಪಾಯಿ, ಗೀಸರ್ ಬೆಲೆಯ ಅರ್ಧಕ್ಕಿಂತ ಕಮ್ಮಿ. ಶುರುವಿನಲ್ಲೇ ಹೊರಗೆ ಹಾಕಿದ್ರೆ ತಗಡಿನ ದುಡ್ಡಷ್ಟೇ ಹೋಗ್ತಿತ್ತು.

ಒಂದು ತೊಂದರೆ ಇದೆ, ಮುಚ್ಚಿಡಲ್ಲ. ಪೈಪ್ ಉದ್ದ ಆಗಿರೋದ್ರಿಂದ ಮೊದಲು ಅರ್ಧ ಬಕೆಟ್ ತಣ್ಣೀರೇ ಬರುತ್ತೆ. ಆ ನೀರನ್ನ ಅಜ್ಜಿ ತುಳಸಿ ಗಿಡಕ್ಕೆ ಒಯ್ತಾರೆ.

ಅಮ್ಮನಿಗೆ ರಕ್ತ ಪರೀಕ್ಷೆ ಮಾಡಿಸಿಲ್ಲ, ಹಂಗಾಗಿ ಅದೇ ಕಾರಣ ಅಂತ ಕಾಗದದ ಮೇಲೆ ತೋರಿಸೋಕೆ ನನ್ನ ಹತ್ರ ಏನೂ ಇಲ್ಲ. ಅದಾದ್ಮೇಲೆ ಹನ್ನೊಂದು ಸೋಮವಾರ ಕಳೆದಿವೆ, ಕ್ಯಾಲೆಂಡರಲ್ಲಿ ಗುರುತು ಹಾಕ್ತಿದೀನಿ. ತಲೆನೋವು ಇಲ್ಲ. ಈಗ ಅಮ್ಮನ ದೂರು ಬೇರೆ: "ಸಂದಿಯಿಂದ ಚಳಿಗಾಳಿ ಹೊಡೀತತಿ, ಹಳೇ ಬಚ್ಚಲೇ ಆತಲ್ಲ ಇದು."

ಮೊನ್ನೆ ಹಲ್ಲಿ ಬರುತ್ತೆ ಅಂತ ಅಪ್ಪ ವೆಂಟಿಲೇಟರಿಗೆ ಹಳೇ ಟವೆಲ್ ತುರುಕಿಟ್ಟಿದ್ರು. ತೆಗೆದು ಸೊಳ್ಳೆ ಜಾಲರಿ ಹೊಡೆದಿದೀನಿ.

#ಹೊನ್ನಾಳಿ #ಬಚ್ಚಲುಮನೆ #ಗ್ಯಾಸ್‌ಗೀಸರ್